ಅಕ್ಕ ಕೇಳಲು ಹೋದ ಹಾಡು

ಮುಂಡಗೋಡದ ಬಸ್ ಸ್ಟ್ಯಾಂಡಿನ ಹತ್ತಿರ ಸೌಂಡ್ ಬಾಕ್ಸ್ ರಿಪೇರಿ ಮಾಡುವ ಅಂಗಡಿಯೊಂದಿದೆ. ಹೋದ ತಿಂಗಳು ಅದರ ಮುಂದೆ ಹಾದುಹೋಗುವಾಗ ಸುಟ್ಟ ಧೂಳಿನ ವಾಸನೆ ಬಂತು. ಬಹಳ ದಿನ ಮೂಲೆಯಲ್ಲಿದ್ದ ಆಂಪ್ಲಿಫೈಯರ್ ಬಿಸಿಯಾದಾಗ ಬರುತ್ತದಲ್ಲ, ಅದೇ ವಾಸನೆ. ದಾಂಡೇಲಿಯ ಸಣ್ಣ ಕ್ಲಬ್ಬು ನೆನಪಾಯಿತು. ಪಕ್ಕದ ಮನೆಯ ಅಕ್ಕನೂ...

ದಾಂಡೇಲಿಯ ಅಂಬೇವಾಡಿಯಲ್ಲಿ ನಮ್ಮ ಮನೆಗೂ ಅವಳ ಮನೆಗೂ ನಡುವೆ ಒಂದೇ ಗೋಡೆ. ನಾನಾಗ ಕಾಲೇಜಿಗೆ ಹೋಗುತ್ತಿದ್ದೆ. ಅವಳು ಮನೆಯಲ್ಲೇ ಬ್ಲೌಸ್ ಹೊಲಿಯುತ್ತಿದ್ದಳು. ಮಷಿನ್ ಪಕ್ಕ ಮೊಬೈಲ್ ಇಟ್ಟುಕೊಂಡು ದಿನವಿಡೀ ಗೋವಾದ ಒಂದು ರಾಕ್ ಬ್ಯಾಂಡಿನ ಹಾಡು ಹಾಕುತ್ತಿದ್ದಳು. ಕೊಂಕಣಿ ಹಾಡುಗಳು. ಕೊಂಕಣಿ ಆಡುವ ಜೋಯಿಡಾ ಕಡೆಯವಳಾದ ಅವಳಿಗೆ ಒಂದೊಂದು ಶಬ್ದವೂ ಬಾಯಿಪಾಠ. ಅರ್ಥ ತಿಳಿಯದಿದ್ದರೂ ಗೋಡೆಯ ಈಚೆಯಿಂದ ನಾನೂ ದನಿಗೂಡಿಸುತ್ತಿದ್ದೆ.

ಒಮ್ಮೆ ದೊಡ್ಡ ಜ್ವರ ಬಂದು ಹೋದ ಮೇಲೆ ಅವಳ ಕಿವಿ ಮಂದವಾಗುತ್ತ ಬಂತು. ಹೋದದ್ದು ತಿರುಗಿ ಬರುವುದಿಲ್ಲ, ಉಳಿದದ್ದನ್ನು ಜೋಪಾನ ಮಾಡಿಕೊಳ್ಳಿ, ದೊಡ್ಡ ಸದ್ದಿನ ಹತ್ತಿರ ಹೋಗಬೇಡಿ ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿದ್ದರು. ಅದೇ ಹೊತ್ತಿಗೆ ಆ ಬ್ಯಾಂಡು ನಮ್ಮೂರ ಕ್ಲಬ್ಬಿಗೆ ಬರುವ ಸುದ್ದಿ ಬಂತು.

ಅವಳ ತಾಯಿ ಬಾಗಿಲಿಗೆ ಅಡ್ಡ ನಿಂತು ಕೂಗಿದರು. "ಡಾಕ್ಟರ್ ಏನ್ ಹೇಳ್ಯಾರ, ಮರತಿಯೇನ? ಇದ್ದಷ್ಟೂ ಹೋತಂದ್ರ ಏನ್ ಮಾಡ್ತಿ?"

"ಉಳಿಸ್ಕೊಂಡು ಏನ್ ಕೇಳ್ಲಿ, ಆಯಿ? ಕುಕ್ಕರ್ ಸೀಟಿ?" ಎಂದಳು ಅಕ್ಕ. ನನ್ನ ಕೈ ಹಿಡಿದು, "ಬಾ, ಹೋಗೂಣು" ಅಂದಳು.

ಕ್ಲಬ್ಬಿನಲ್ಲಿ ಕೇರಂ ಬೋರ್ಡುಗಳನ್ನು ಗೋಡೆಗೆ ಒರಗಿಸಿ ಜಾಗ ಮಾಡಿದ್ದರು. ಅಕ್ಕ ಎಲ್ಲರನ್ನೂ ಸರಿಸಿಕೊಂಡು ಹೋಗಿ ಸ್ಪೀಕರಿಗೆ ಅಂಟಿಕೊಂಡೇ ನಿಂತಳು. ಸದ್ದಿಗೆ ನನ್ನ ಎದೆಯೆಲುಬು ನಡುಗುತ್ತಿತ್ತು. ಅವಳು ಕಣ್ಣು ಮುಚ್ಚಿ ತಲೆಯಾಡಿಸುತ್ತಿದ್ದಳು. ಕೇಳಿಸುತ್ತಿದೆ ಎಂದುಕೊಂಡೆ...

ಅವಳ ಮೆಚ್ಚಿನ ಹಾಡು ಶುರುವಾಗಿ ಅರ್ಧ ದಾಟಿತ್ತು. ಅವಳು ಬಗ್ಗಿ ನನ್ನನ್ನು ಕೇಳಿದಳು, "ಆ ಹಾಡು ಯಾವಾಗ ಹಾಡ್ತಾರಂತ?"

"ಇದ ಅಕ್ಕಾ, ಇದ!" ಎಂದು ಕಿರುಚಿದೆ.

ಅವಳು ಹಾಡುಗಾರನ ತುಟಿಯನ್ನೇ ದಿಟ್ಟಿಸಿದಳು. ಆಮೇಲೆ ಎರಡೂ ಅಂಗೈಗಳನ್ನು ಸ್ಪೀಕರಿಗೆ ಒತ್ತಿ, ಮೊದಲ ಸಾಲಿನಿಂದ ಗಟ್ಟಿಯಾಗಿ ಹಾಡತೊಡಗಿದಳು. ಅವಳೊಂದು ಕಡೆ, ತಾಳವೊಂದು ಕಡೆ. ಹಿಂದೆ ಯಾರೋ ನಕ್ಕರು. ಹಾಡುಗಾರ ತಾನು ಸುಮ್ಮನಾಗಿ ಡ್ರಮ್ಮಿನವನಿಗೆ ಸನ್ನೆ ಮಾಡಿದ. ಅವನು ಅವಳ ಹಾಡಿನ ಬೆನ್ನು ಹಿಡಿದು ಬಾರಿಸುತ್ತ ಬಂದ. ಹಾಡು ಮುಗಿಯುವವರೆಗೂ ಕ್ಲಬ್ಬಿನಲ್ಲಿ ಅವಳದೊಂದೇ ದನಿ. ಅದು ಅವಳಿಗೆ ತಿಳಿಯಲಿಲ್ಲ.

"ಚಲೋ ಹಾಡಿದ್ರು, ಅಲ್ಲ?" ಎಂದಳು ಹೊರಗೆ ಬಂದ ಮೇಲೆ. ಹಾಡಿದ್ದು ನೀನು ಅಂದೆ. ಅವಳಿಗೆ ಕೇಳಿಸಲಿಲ್ಲ.

ಕೆಲವೇ ತಿಂಗಳಲ್ಲಿ ಉಳಿದದ್ದೂ ಹೋಯಿತು. ಆ ಸಂಜೆಯ ಸದ್ದಿನಿಂದಲೋ, ಹೇಗೂ ಹೋಗುವುದಿತ್ತೋ... ಅವಳ ಆಯಿ ನನ್ನ ಜೊತೆ ಮಾತು ಬಿಟ್ಟರು. ಅವರು ತೀರಿಕೊಂಡ ಮೇಲೆ ಅಕ್ಕ ಜೋಯಿಡಾದ ಅಣ್ಣನ ಮನೆ ಸೇರಿದಳು. ನಾನು ಮದುವೆಯಾಗಿ ಮುಂಡಗೋಡಕ್ಕೆ ಬಂದೆ. ಬ್ಯಾಂಡು ಒಡೆದುಹೋಯಿತೆಂದು ಯಾರೋ ಹೇಳಿದರು.

ಕಳೆದ ವಾರ ಜೋಯಿಡಾಕ್ಕೆ ಹೋಗಿದ್ದೆ. ಅವಳ ಮಾತಿನ ರಾಗಕ್ಕೆ ಮನೆಯ ಮಕ್ಕಳು ನಗುತ್ತಾರಂತೆ, ಮಾತಾಡುವುದನ್ನೇ ಬಿಟ್ಟಿದ್ದಾಳೆ. ನಾವಿಬ್ಬರೇ ಉಳಿದಾಗ ಪಿಸುಗುಟ್ಟಿದಳು, "ಮೊದ್ಲ ತಲ್ಯಾಗರ ಕೇಳಸ್ತಿತ್ತು. ಗಿಟಾರು, ಡ್ರಮ್ಮು, ಎಲ್ಲಾ. ಈಗ ಅದೂ ಇಲ್ಲ."

ನಾನು ನಿಧಾನವಾಗಿ, ತುಟಿ ಕಾಣುವಂತೆ ಹೇಳಿದೆ. ಅವತ್ತು ಕ್ಲಬ್ಬಿನಲ್ಲಿ ಕೊನೆಯವರೆಗೂ ಹಾಡಿದವಳು ನೀನೇ, ಅವರೆಲ್ಲ ನಿನ್ನ ಹಿಂದೆ ಬಾರಿಸಿದರು ಎಂದು.

ಅವಳ ಮುಖ ಒಂದು ಗಳಿಗೆ ಅರಳಿತು. "ಹೆಂಗಿತ್ತ ನನ್ನ ದನಿ?" ಅಂದಳು.

"ಚಲೋ ಇತ್ತು" ಅಂದೆ. ಇನ್ನೂ ಏನೋ ಬರುತ್ತದೆಂದು ಅವಳು ನನ್ನ ತುಟಿಯನ್ನೇ ನೋಡುತ್ತ ಕಾದಳು. ಆಮೇಲೆ ನನ್ನ ಕೈಯಿಂದ ಚಹಾದ ಖಾಲಿ ಕಪ್ಪು ತೆಗೆದುಕೊಂಡು ಒಳಗೆ ಹೋದಳು.