ಗಾಯ ತೊಳೆಯುವ ಗುರುಲಿಂಗಮ್ಮ

ಗುಮಟಾಪುರದಲ್ಲಿ ಯಾರಿಗೆ ಕುಡುಗೋಲು ತಗುಲಿದರೂ ಮೊದಲು ಬರುವುದು ಗುರುಲಿಂಗಮ್ಮನ ಜಗಲಿಗೆ. ಆಕೆ ಮದ್ದು ಕೊಡುವವಳೇನಲ್ಲ. ಕಾಯಿಸಿ ಆರಿಸಿದ ನೀರು, ಸೋಪು, ಒಗೆದು ಒಣಗಿಸಿದ ಬಿಳಿ ಬಟ್ಟೆ, ಇಷ್ಟೇ ಬಂಡವಾಳ. ಗಾಯಕ್ಕೆ ಕಾಫಿಪುಡಿ ಮೆತ್ತಿಕೊಂಡು ಬಂದವರ ಗ್ರಹಚಾರ ಬಿಡಿಸುತ್ತಾಳೆ. ಕಬ್ಬಿಣ ತಾಗಿದ್ದರಂತೂ ತಾಳವಾಡಿ ಬಸ್ಸು ಹತ್ತಿಸಿ, ಸೂಜಿ ಹಾಕಿಸಿಕೊಂಡ ಚೀಟಿ ತೋರಿಸುವ ತನಕ ಬಿಡುವವಳಲ್ಲ. ಇಂಥ ಗಟ್ಟಿಗಿತ್ತಿ ನಡುಗುವುದು ವರ್ಷಕ್ಕೊಂದೇ ದಿನ. ದೀಪಾವಳಿ ಮುಗಿದ ಮೇಲೆ ಬೀರೇಶ್ವರನ ಗುಡಿಯ ಬಳಿ ಗಂಡಸರು ಸಗಣಿ ಎರಚಾಡುತ್ತಾರಲ್ಲ, ಆ ದಿನ.

ಈ ಸಲ ಅದೇ ದಿನ, ಹಬ್ಬಕ್ಕೆಂದು ಹೆಂಡತಿಯೊಡನೆ ಬಂದ ಅಳಿಯ ಉಮಾಶಂಕರನ ಕಾಲಲ್ಲಿ ಗಾಯವಿತ್ತು. ಹಿಂದಿನ ದಿನ ಅರಿಸಿನದ ಹೊಲದಲ್ಲಿ ಗುದ್ದಲಿ ತಗುಲಿತ್ತು. ಎರಡು ಬೆರಳಗಲದ ಗಾಯ, ಇನ್ನೂ ಹಸಿ. ಆದರೂ ಆತ ಸಗಣಿಯಾಟಕ್ಕೆಂದು ಅಂಗಿ ಬಿಚ್ಚಿ ಪಂಚೆ ಎತ್ತಿ ಕಟ್ಟಿದ.

ಅತ್ತೆ ಅಳಿಯನ ಎದುರು ನಿಂತು ಮಾತಾಡುವ ರೂಢಿ ಆ ಮನೆಯಲ್ಲಿಲ್ಲ. ಗುರುಲಿಂಗಮ್ಮ ಬಾಗಿಲ ಮರೆಯಿಂದಲೇ ಮಗಳನ್ನು ಕರೆದಳು.

"ಬಿಂದು, ಗಾಯ ಇಟ್ಕಂಡು ಸಗಣಿಗಿಳೀಬ್ಯಾಡಿ ಅಂತ ನಿನ್ ಗಂಡಂಗೆ ಏಳು. ಸೂಜಿ ಆಕ್ಸಿದ್ರಾ ಕೇಳು."

ಬಿಂದುಶ್ರೀ ಬಾಯಿ ತೆರೆಯುವ ಮೊದಲೇ ಆತ ನಕ್ಕ. "ಇಷ್ಟು ಗೀರಿಗೆ ಸೂಜಿಯಾ ಅತ್ತೆ? ಸ್ವಾಮಿ ಸಗಣಿ ಬಿದ್ರೆ ವಾಸಿ ಆಯ್ತದ, ಬುಡಿ."

ತಮಟೆ ಸದ್ದು ಹತ್ತಿರವಾಯಿತು. ಆತ ಮೆಟ್ಟಿಲಿಳಿದ. ಗುರುಲಿಂಗಮ್ಮ ಇಪ್ಪತ್ತು ವರ್ಷ ಹೊಟ್ಟೆಯಲ್ಲಿಟ್ಟುಕೊಂಡ ಮಾತೊಂದಿತ್ತು. ಹೇಳಿದರೆ ಮಗಳು ದೂರವಾಗುತ್ತಾಳೆ, ಹೇಳದಿದ್ದರೆ ಅಳಿಯನ ಜೀವ. ಮರ್ಯಾದೆ ಹಾಳಾಗಲಿ ಎಂದು ಓಡಿಬಂದು ದಾರಿಗೆ ಅಡ್ಡ ನಿಂತಳು.

"ನಿಮ್ ಮಾವ್ನೋರಿಗೂ ಇಷ್ಟೇ ಗಾಯ ಆಗಿತ್ತು ಕಣಪ್ಪಾ! ಗಾಳಿ ಸೋಕಿ ಸತ್ರು ಅಂತದ ಊರು. ಗಾಳೀನೂ ಇಲ್ಲ, ಗೀಳೀನೂ ಇಲ್ಲ. ಧನುರ್ವಾಯು. ಡಾಕ್ಟ್ರು ನಂಗೊಬ್ಳಿಗೇ ಏಳಿದ್ರು. ಅಬ್ಬದ್ ಸಗಣಿ, ಒಳ್ಳೇದಾಯ್ತದ ಅಂತ ಆ ಗಾಯಕ್ಕೆ ಮೆತ್ತಿದ್ದು ನಾನೇ. ಈ ಕೈಲೇ."

ಉಮಾಶಂಕರನ ನಗು ಅಲ್ಲೇ ಸತ್ತಿತು. ಆತ ಗುಡಿಯ ಕಡೆ ನೋಡಲಿಲ್ಲ. ಒಳಗೆ ಹೋಗಿ ಅಂಗಿ ತೊಟ್ಟು, ತಾಳವಾಡಿಗೆ ಹೋಗಲು ಬೈಕು ತೆಗೆದ.

ಬಿಂದುಶ್ರೀ ಅವ್ವನ ಎದುರು ಬಂದು ನಿಂತಳು. ಅಪ್ಪ ಸತ್ತಾಗ ಅವಳಿಗೆ ಐದು ವರ್ಷ.

"ಅಪ್ಪ ನಿನ್ನ ಏನಾರ ಅಂದ್ರಾ?"

"ದವಡೆ ಕಚ್ಕಂಡಿತ್ತು ಕಣವ್ವ. ಬಾಯಿ ತೆಗ್ಯಕ್ಕೇ ಆಗ್ನಿಲ್ಲ ಅವರ್ಗೆ."

ಬಿಂದುಶ್ರೀ ಅವ್ವನತ್ತ ತಿರುಗದೆ ಹೋಗಿ ಬೈಕಿನ ಹಿಂದೆ ಕೂತಳು.