ಎಲೆತೋಟದ ಪಂಚನಾಮೆ

ಹೋದ ವಾರ ಸವಣೂರು ಬಸ್ಸಿನಲ್ಲಿ ಯಾರೋ ವೀಳ್ಯದೆಲೆಯ ಬುಟ್ಟಿ ತಂದು ನನ್ನ ಕಾಲಬಳಿ ಇಟ್ಟರು. ಒದ್ದೆ ಬಾಳೆಪಟ್ಟೆಯ, ಎಳೆ ಎಲೆಯ ಆ ಖಾರದ ವಾಸನೆ... ಹಿಂದಿನ ದಿನವಷ್ಟೇ ಮಗಳ ಜೊತೆ ಒಂದು ರಷ್ಯನ್ ಸಿನಿಮಾ ನೋಡುತ್ತಿದ್ದೆ. ಹಿಮದೂರಿನ ಒಂದು ಸಾಮಾನ್ಯ ಕುಟುಂಬ. ಅವರ ಮನೆಯನ್ನು ಊರಿನ ದೊಡ್ಡವನೊಬ್ಬ ಬರೀ ಕಾಗದದಲ್ಲೇ ನುಂಗುತ್ತಾನೆ. ಅಳತೆಗೆ ಬಂದ ಅಧಿಕಾರಿಗೆ ಮನೆಯಾಕೆ ಚಹಾ ಕೊಡುವಾಗ ನಾನು ಬಿಪಿ ಗುಳಿಗೆಯ ನೆಪ ಹೇಳಿ ಅಡುಗೆಮನೆ ಸೇರಿದ್ದೆ. ಬಸ್ಸಿನಲ್ಲಿ ಹಾಗೆ ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ.

ಊರೆಲ್ಲ ಎಲೆ ಕಾಕಾ ಎಂದು ಕರೆಯುತ್ತಿದ್ದವನ ವೀಳ್ಯದ ಬಳ್ಳಿತೋಟ ನಮ್ಮ ಹಿತ್ತಿಲ ಗೋಡೆಗೆ ಅಂಟಿಕೊಂಡಿತ್ತು. ಅವನ ಅಪ್ಪನ ಕಾಲದಿಂದಲೂ ಆ ಮನೆಯವರು ಉಂಡದ್ದು ಅದರಿಂದಲೇ. ಊರಿನ ಮುಖಂಡನೊಬ್ಬನಿಗೆ ಅಲ್ಲಿ ಅಂಗಡಿ ಸಾಲು ಎಬ್ಬಿಸುವ ಮನಸ್ಸಾಯಿತು. ಜಾಗ ಸರ್ಕಾರದ್ದು, ಪಾಳು ಬಿದ್ದಿದೆ ಎಂದು ಅರ್ಜಿ ಹಾಕಿಸಿದ. ಕಾಕಾನ ಬಳಿ ಕಾಗದಪತ್ರ ಇರಲಿಲ್ಲ. ಇದ್ದ ಪುರಾವೆ ಒಂದೇ, ಕಣ್ಣೆದುರು ಹಬ್ಬಿದ ಬಳ್ಳಿ.

ಸ್ಥಳ ನೋಡಲು ಕಚೇರಿಯ ಸಾಹೇಬರು ಬಂದರು. ನೆರೆಯವನು, ಮೇಲಾಗಿ ಶಾಲಾ ಮಾಸ್ತರ ಎಂದು ಪಂಚನಾಮೆಗೆ ಸಾಕ್ಷಿಯಾಗಿ ನನ್ನನ್ನೂ ಕರೆದರು.

"ಚಪ್ಪಲಿ ಹೊರಗ ಬಿಡ್ರಿ ಸಾಹೇಬ್ರ, ಬಳ್ಳಿ ಮುನಿಸ್ಕೊಂತಾವ," ಎಂದಳು ಕಾಕಾನ ಹೆಂಡತಿ ಕಾಕು.

"ಬಳ್ಳಿಗೂ ಇಷ್ಟ ಸೊಕ್ಕೇನ್ರಿ?" ಎಂದು ಸಾಹೇಬರು ಬೂಟುಗಾಲಲ್ಲೇ ಒಳಗೆ ಬಂದರು.

ಕಾಕಾ ನಕ್ಕ. "ಕುಂಡ್ರಿ, ಮೊದಲ ಎಲಿ ಹಾಕ್ರಿ. ಅಳತಿ ಎಲ್ಲಿ ಓಡಿ ಹೊಕ್ಕೇತಿ?" ಎನ್ನುತ್ತ ಆಗಷ್ಟೇ ಕೊಯ್ದ ಎಲೆಗೆ ಸುಣ್ಣ ಸವರಿ ಕೊಟ್ಟ. ಅದನ್ನೇ ದವಡೆಯಲ್ಲಿಟ್ಟುಕೊಂಡು, ಆ ಬಳ್ಳಿಗಳ ನೆರಳಲ್ಲೇ ಕುಳಿತು ಸಾಹೇಬರು ಬರೆದರು: ಸದರಿ ಜಾಗದಲ್ಲಿ ಯಾವುದೇ ಬೆಳೆ ಇರುವುದಿಲ್ಲ.

ಹಾಳೆ ನನ್ನ ಕಡೆ ಸರಿಸಿ ಮೆಲ್ಲಗೆ ಹೇಳಿದರು: "ನಿಮ್ಮ ಮನಿ ಖಾತೆ ಫೈಲೂ ನನ್ನ ಟೇಬಲ್ ಮ್ಯಾಲೇ ಐತಿ ನೋಡ್ರಿ, ಮಾಸ್ತರ."

ಸಹಿ ಮಾಡಿದೆ.

ತೋಟಕ್ಕೆ ಜೆಸಿಬಿ ಬಂದ ದಿನ ಕಾಕಾ ನಮ್ಮ ಬಾಗಿಲಿಗೆ ಬಂದ. ಬಯ್ದಿದ್ದರೆ ಬದುಕುತ್ತಿದ್ದೆ. "ಅದರಾಗ ಏನ ಬರದಿದ್ರಪಾ?" ಎಂದು ಕೇಳಿದ, ಅಷ್ಟೇ.

"ಓದಲಿಲ್ಲ ಕಾಕಾ... ಗಡಿಬಿಡಿಯಾಗ ಸಹಿ ಮಾಡಿಸ್ಕೊಂಡ್ರು."

ಅವನು ನನ್ನ ಮುಖ ನೋಡಿದ. "ಹೋಗ್ಲಿ ಬಿಡು. ಓದಿದ್ರ ನೀ ಸಹಿ ಮಾಡಾಂವಲ್ಲ."

ಗಂಡಹೆಂಡತಿ ಕಾಕುವಿನ ತವರು ದುಂಡಸಿಗೆ ಹೋದರು. ಅಲ್ಲಿ ಕಾಕಾ ಬೇರೆಯವರ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದನಂತೆ... ಎರಡು ವರ್ಷದ ಹಿಂದೆ ತೀರಿಕೊಂಡ. ಮಣ್ಣಿಗೆ ಹೋಗಲೂ ನನಗೆ ಧೈರ್ಯ ಬರಲಿಲ್ಲ.

ಈಗ ತೋಟವಿದ್ದಲ್ಲಿ ಮೊಬೈಲ್ ಅಂಗಡಿಗಳಿವೆ. ನನ್ನ ಮನೆಯ ಖಾತೆಯೂ ಆಗಿದೆ. ಶಿಗ್ಗಾವಿ ಸ್ಟ್ಯಾಂಡಿನಲ್ಲಿ ಸಿಕ್ಕಾಗಲೆಲ್ಲ ಕಾಕು ನನ್ನನ್ನೇ ಸಮಾಧಾನ ಮಾಡುತ್ತಾಳೆ: "ಪಾಪ, ಓದಲಾರದ ಸಹಿ ಮಾಡ್ಯಾನ ಅಂತ ಸಾಯೂತನಕ ಎಲ್ಲಾರ ಮುಂದ ಹೇಳ್ತಿದ್ರಪಾ ಅವರು." ನಾನು ತಲೆಯಾಡಿಸುತ್ತೇನೆ.

ಆ ಹಾಳೆಯನ್ನು ನಾನು ಎರಡು ಸಲ ಓದಿದ್ದೆ. ಎರಡನೆಯ ಸಲ ಓದಿದ್ದು, ನನ್ನ ಹೆಸರನ್ನು ಸರಿಯಾಗಿ ಬರೆದಿದ್ದಾರೋ ಇಲ್ಲವೋ ಎಂಬ ಚಿಂತೆಗೆ.