ಗಂಗವ್ವ ಹೇಳಿದ್ದು, ನಾನು ಬರೆದದ್ದು

ಗಂಗವ್ವನ ಹೇಳಿಕೆಯನ್ನು ಸುಳ್ಳಾಗಿ ಅನುವಾದಿಸಿದವನು ನಾನು. ಕಣ್ತಪ್ಪಿನಿಂದ ಆದದ್ದಲ್ಲ — ಹೈಸ್ಕೂಲಿನಲ್ಲಿ ಇಷ್ಟು ವರ್ಷ ಇಂಗ್ಲಿಷ್ ಕಲಿಸಿದವನಿಗೆ ಅಷ್ಟು ಸರಳ ವಾಕ್ಯ ತಪ್ಪುವುದಿಲ್ಲ.

ಮೊರಬದ ಹತ್ತಿರದ ನಮ್ಮ ಹಳ್ಳಿಯಲ್ಲಿ ಅವಳ ಗಂಡ ಫಕ್ಕೀರಪ್ಪ ಕೂಲಿಗೆ ಹೋಗಿ ಹತ್ತಿಗೆ ಎಣ್ಣಿ ಹೊಡೆಯುತ್ತಿದ್ದ. ಕೀಟನಾಶಕಕ್ಕೆ ನಮ್ಮ ಕಡೆ ಎಣ್ಣಿ ಅನ್ನುತ್ತಾರೆ. ಒಂದು ಮಧ್ಯಾಹ್ನ ಹೊಲದಲ್ಲೇ ಬಿದ್ದ. ಮೂರನೆಯ ದಿನ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ತೀರಿಕೊಂಡ. ಆ ಎಣ್ಣಿ ಒಂದು ವಿದೇಶಿ ಕಂಪನಿಯದು. ತನ್ನ ದೇಶದಲ್ಲಿ ಮಾರಲು ಅಪ್ಪಣೆಯಿಲ್ಲದ್ದನ್ನು ಅದು ಇಲ್ಲಿ ಮಾರುತ್ತಿತ್ತು. ಹಾಗೆ ಸತ್ತವರ ಮನೆಯವರನ್ನೆಲ್ಲ ಸೇರಿಸಿ, ಕಂಪನಿಯನ್ನು ಅದರದೇ ದೇಶದ ಕೋರ್ಟಿಗೆ ಎಳೆಯಲು ಅಲ್ಲಿಂದ ಒಬ್ಬ ವಕೀಲೆ ಬಂದಳು. ಅವಳಿಗೆ ಕನ್ನಡ ಬಾರದು. ಊರವರು ನನ್ನನ್ನು ಕರೆದರು.

ಅದಕ್ಕೂ ಎರಡು ದಿನ ಮೊದಲು ನನ್ನ ತಮ್ಮ ಶಂಕರ ಅಣ್ಣಿಗೇರಿಯಿಂದ ಬಂದಿದ್ದ. ನಮ್ಮ ಹಳ್ಳಿಗಳಲ್ಲಿ ಆ ಕಂಪನಿಯ ಪರವಾಗಿ ಎಣ್ಣಿ ಮಾರುತ್ತ ಓಡಾಡುತ್ತಿದ್ದವನು ಅವನೇ. "ಅಣ್ಣಾ, ಕಂಪನಿಯವರು ಕೈ ತೊಳಕೊಂಡು ಎಲ್ಲಾ ನನ್ನ ತಲಿಮ್ಯಾಲೆ ಹಾಕ್ತಾರ. ನೀ ಅಷ್ಟು ನೋಡ್ಕೋ" ಎಂದ. ನಾನು ಹೂಂ ಅನ್ನಲಿಲ್ಲ. ಉಹೂಂ ಅಂತಲೂ ಅನ್ನಲಿಲ್ಲ.

ವಕೀಲೆ ಕೇಳಿದ್ದು ಇಷ್ಟೇ — ಇದು ವಿಷ, ಕೈಗವಸು ಹಾಕಿಕೋ ಎಂದು ಕಂಪನಿಯ ಕಡೆಯವರು ಯಾರಾದರೂ ಹೇಳಿದ್ದರೇ?

"ಯಾರೂ ಹೇಳಲಿಲ್ರಿ ಸರ. ನಮ್ಮ ಮನಿಯವ್ರು ಬರೇ ಕೈಲೆ ಕಲಸ್ತಿದ್ರು. ಕಂಪನಿ ಸಾಹೇಬ್ರು ಅಲ್ಲೇ ಬಾಜು ನಿಂತಿದ್ರು, ಬ್ಯಾಡ ಅಂತ ಒಂದ ಮಾತು ಅನಲಿಲ್ಲ" ಎಂದಳು ಗಂಗವ್ವ.

ಆ ಸಾಹೇಬ ನನ್ನ ತಮ್ಮನೆಂದು ಅವಳಿಗೆ ಗೊತ್ತಿರಲಿಲ್ಲ. ವಕೀಲೆಗೆ ನಾನು ಹೇಳಲಿಲ್ಲ. ಇಂಗ್ಲಿಷಿನಲ್ಲಿ ನಾನು ಬರೆದದ್ದು — ಕಂಪನಿಯವರು ಹೇಳಿದ್ದರು, ಕೈಗವಸನ್ನೂ ಕೊಟ್ಟಿದ್ದರು, ನನ್ನ ಗಂಡನೇ ಹಾಕಿಕೊಳ್ಳಲಿಲ್ಲ.

ಸಹಿಗೆ ಮುಂಚೆ ಕನ್ನಡದಲ್ಲಿ ಓದಿ ಹೇಳಬೇಕಿತ್ತು. ಓದಿದೆ — ಕಾಗದದಲ್ಲಿದ್ದುದನ್ನಲ್ಲ, ಅವಳು ಹೇಳಿದ್ದನ್ನು. "ಬರೋಬ್ಬರಿ ಐತ್ರಿ" ಎಂದು ಅವಳು ಒಂದೊಂದೇ ಅಕ್ಷರ ಕೂಡಿಸಿ ಹೆಸರು ಬರೆದಳು. ಆ ಹೊತ್ತಿನಲ್ಲಾದರೂ ನಾನು ಅವಳ ಕೈ ಹಿಡಿದು ನಿಲ್ಲಿಸಬಹುದಿತ್ತು...

ಕೆಲವು ತಿಂಗಳಿಗೆ ಪತ್ರ ಬಂತು. ಅವಳ ಹೇಳಿಕೆಯ ಕಾರಣಕ್ಕೇ ಮೊಕದ್ದಮೆಯಿಂದ ಅವಳ ಹೆಸರು ಬಿಟ್ಟಿದ್ದರು. ಓದಿಸಲು ನನ್ನ ಹತ್ತಿರವೇ ತಂದಳು. "ನಾ ಏನರ ತಪ್ಪು ಹೇಳಿದ್ನೇನ್ರಿ ಸರ?" ಎಂದು ಕೇಳಿದಳು. "ಇಲ್ಲವ್ವ, ಅಲ್ಲಿಯ ಕಾನೂನೇ ಹಂಗ" ಎಂದೆ. ಇದು ಎರಡನೆಯ ಸುಳ್ಳು — ಮೊದಲನೆಯದಕ್ಕಿಂತ ಹೀನವಾದದ್ದು.

ತಮ್ಮನನ್ನು ಉಳಿಸಿದೆ ಅಂದುಕೊಂಡಿದ್ದೆ. ಆ ಮೊಕದ್ದಮೆಯಲ್ಲಿ ಅವನ ಹೆಸರೇ ಇರಲಿಲ್ಲ. ಉತ್ತರ ಕೊಡಬೇಕಾಗಿದ್ದುದು ಕಂಪನಿ. ನಾನು ಉಳಿಸಿದ್ದು ಅದನ್ನು — ಸಮುದ್ರದಾಚೆ ಕುಳಿತು ಫಕ್ಕೀರಪ್ಪನ ಹೆಸರನ್ನೂ ಕೇಳದವರನ್ನು.

ಈ ವರ್ಷ ಉಳಿದ ಮನೆಯವರ ಪರವಾಗಿ ತೀರ್ಪಾಯಿತು. ಆ ವಾರ ಬಸ್‌ಸ್ಟ್ಯಾಂಡಿನಲ್ಲಿ ಗಂಗವ್ವನ ಮಗಳು ಮಂಜುಳಾ ಯಾರಿಗೋ ಹೇಳುತ್ತಿದ್ದಳು: "ನಮ್ಮವ್ವಗ ಮಾತಾಡಾಕ ಬರಲಿಲ್ಲ. ಅಪ್ಪನ ಸಾವು ಹಂಗ ಹೋತು." ಬಸ್ಸು ಬಂತು. ನಾನು ಹತ್ತಲಿಲ್ಲ.

ವಕೀಲೆಗೆ ಎಲ್ಲವನ್ನೂ ಬರೆದೆ, ತಮ್ಮನ ಹೆಸರು ಸಹಿತ. ಅವಳು ಉತ್ತರ ಬರೆದಳು — ಕೋರ್ಟು ಗಂಗವ್ವನ ಮೊಕದ್ದಮೆಯನ್ನು ಮತ್ತೆ ತೆರೆಯುವುದೋ ಇಲ್ಲವೋ ಹೇಳಲಾರೆ, ನಿಮ್ಮ ಮೇಲೂ ಕ್ರಮವಾಗಬಹುದು, ಪ್ರಮಾಣ ಮಾಡಿ ಹೇಳುವಿರಾ? ಹೇಳುತ್ತೇನೆ ಎಂದಿದ್ದೇನೆ. ಶಂಕರ ನನ್ನೊಡನೆ ಮಾತು ಬಿಟ್ಟಿದ್ದಾನೆ.

ಆಮೇಲೆ ಗಂಗವ್ವನ ಮನೆಗೆ ಹೋದೆ. ಅಂಗಳದಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದಳು. ಎಲ್ಲ ಹೇಳಿದೆ; ಕೇಳಿಸಿಕೊಂಡಳು. ಬೈಯಲಿಲ್ಲ — ಬೈದಿದ್ದರೆ ಎಂದು ಆಸೆಪಟ್ಟೆ.

"ನನ್ನ ಮುಂದ ಯಾಕ ಹೇಳ್ತೀರಿ? ನಾ ಹೇಳಿದ್ದು ನನಗ ಗೊತ್ತೈತಿ" ಎಂದಳು. "ಮಂಜುಳಾ ಒಳಗ ಅದಾಳ. ಅಕಿ ಮುಂದ ಹೇಳ್ರಿ."

ಮಂಜುಳಾ ಹೊರಗೆ ಬಂದಳು. ಮತ್ತೆ ಮೊದಲಿನಿಂದ ಹೇಳಿದೆ. ಅವಳು ನನ್ನತ್ತ ನೋಡಲೂ ಇಲ್ಲ. ಅವ್ವನ ಬಾಜು ಕುಳಿತು, ಅವಳ ಖಾರ ಹತ್ತಿದ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ಕೂಡ್ರಿ ಎಂದು ನನಗೆ ಯಾರೂ ಅನ್ನಲಿಲ್ಲ, ಹೋಗ್ರಿ ಎಂದೂ ಅನ್ನಲಿಲ್ಲ. ಬಿಸಿಲಿನಲ್ಲಿ ನಿಂತೇ ಇದ್ದೆ.